ಬಾಗಿಲು ತಟ್ಟುವವರ ದನಿ ಪರಿಚಯದ್ದಾಗಿರಬೇಕು

ಜನರನ್ನು ಬೆಚ್ಚಿಬೀಳಿಸುವುದು ದೊಡ್ಡ ವಿದ್ಯೆಯೇನಲ್ಲ. ಅರ್ಧ ನಿಮಿಷ ಸದ್ದೆಲ್ಲ ನಿಲ್ಲಿಸಿ, ಆಮೇಲೆ ಸ್ಪೀಕರ್ ಹರಿದುಹೋಗುವ ಹಾಗೆ ಏನನ್ನಾದರೂ ಬಡಿದರೆ ಯಾರಾದರೂ ಕುರ್ಚಿಯಿಂದ ಗೇಣುದ್ದ ಮೇಲೇಳುತ್ತಾರೆ. ನಾನೂ ಏಳುತ್ತೇನೆ. ಏನಾಯಿತು ಅಂತ ತಲೆಗೆ ಹೊಳೆಯುವ ಮೊದಲೇ ಕಣ್ಣು ಮುಚ್ಚಿರುತ್ತದೆ, ಹೆಗಲು ಕಿವಿಯ ಹತ್ತಿರ ಹೋಗಿರುತ್ತದೆ. ಅದು ಮೈ ತನ್ನಷ್ಟಕ್ಕೆ ತಾನೇ ಮಾಡುವ ಕೆಲಸ. ಪಾತ್ರೆ ಬಿದ್ದರೆ ತೊಟ್ಟಿಲ ಕೂಸೂ ಬೆಚ್ಚುತ್ತದೆ. ಅದಕ್ಕೆ ನಿರ್ದೇಶಕ ಬೇಕಾಗಿಲ್ಲ.

ಮಾಲ್‌ನಲ್ಲಿ ಶುಕ್ರವಾರದ ರಾತ್ರಿ ಶೋಗೆ ಹೋಗಿ ನೋಡಿ. ನಾಯಕಿ ಬಾತ್‌ರೂಮಿನ ಕನ್ನಡಿ ಬಾಗಿಲು ತೆಗೆಯುತ್ತಾಳೆ, ಮುಚ್ಚುತ್ತಾಳೆ. ಕನ್ನಡಿಯಲ್ಲಿ ಇನ್ನೊಂದು ಮುಖ. ಧಡ್! ಮೊದಲು ಒಂದು ಕಿರುಚಾಟ, ಅದರ ಹಿಂದೆಯೇ ಹಾಲ್ ತುಂಬ ನಗು. ಯಾರೋ ಪಾಪ್‌ಕಾರ್ನ್ ಚೆಲ್ಲಿಕೊಂಡಿರುತ್ತಾರೆ, ಅದಕ್ಕೊಂದು ನಗು. ಕೆಳಗೆ ಬೇಸ್‌ಮೆಂಟಿನಲ್ಲಿ ಗಾಡಿ ಎಲ್ಲಿ ನಿಲ್ಲಿಸಿದ್ದೆವು ಅಂತ ಹುಡುಕುವ ಹೊತ್ತಿಗೆ ಎಲ್ಲ ಮರೆತಿರುತ್ತದೆ. ದುಡ್ಡು ವಸೂಲಾಯ್ತು ಅನ್ನುವವರು ಅನ್ನಲಿ, ನನ್ನ ತಕರಾರಿಲ್ಲ. ನನಗೆ ಮಾತ್ರ ಊಟಕ್ಕೆ ಕರೆದು ಬರೀ ಉಪ್ಪಿನಕಾಯಿ ಬಡಿಸಿ ಕಳಿಸಿದ ಹಾಗೆ ಅನ್ನಿಸುತ್ತದೆ.

ಹಾರರ್ ಸಿನಿಮಾ ಕೆಲಸ ಮಾಡಿದೆಯೋ ಇಲ್ಲವೋ ಅನ್ನುವುದು ಥಿಯೇಟರಿನಲ್ಲಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮನೆಯಲ್ಲಿ, ರಾತ್ರಿ ನೀರು ಕುಡಿಯಲು ಎದ್ದಾಗ. ಅಡುಗೆಮನೆಯ ಲೈಟು ಆರಿಸಿ ರೂಮಿಗೆ ವಾಪಸ್ ಬರುವ ನಾಲ್ಕು ಹೆಜ್ಜೆ ಇದೆಯಲ್ಲ, ಅದನ್ನು ನಡೆದುಕೊಂಡು ಬರುತ್ತೀರೋ ಓಡಿಕೊಂಡು ಬರುತ್ತೀರೋ ಅನ್ನುವುದರಲ್ಲಿ. ಮನೆ ಅದೇ. ಫ್ರಿಜ್ಜಿನ ಗೊರಗೊರ ಸದ್ದೂ ಅದೇ. ಆದರೆ ಆ ಸದ್ದು ಥಟ್ಟನೆ ನಿಂತರೆ ಇವತ್ತು ಕಿವಿ ನಿಮಿರುತ್ತದೆ. ನಿನ್ನೆಯವರೆಗೆ ಸುಮ್ನೆ ಇದ್ದ ವಸ್ತುಗಳ ಮೇಲೆ ಒಂದು ಸಿನಿಮಾ ಅನುಮಾನ ಹುಟ್ಟಿಸಿ ಹೋದರೆ, ಅದು ಗೆದ್ದ ಹಾಗೆ.

ಹಾಗಂತ ಧಡ್ ಅನ್ನಿಸುವ ತಂತ್ರವೇ ಕೆಟ್ಟದ್ದು ಅಂತಲ್ಲ. ಅದಕ್ಕೆ ಒಳ್ಳೆ ಮನೆತನವೇ ಇದೆ. 1942ರಲ್ಲಿ 'ಕ್ಯಾಟ್ ಪೀಪಲ್' ಅಂತ ಒಂದು ಅಮೆರಿಕನ್ ಚಿತ್ರ ಬಂತು. ನಿರ್ಮಾಪಕ ವಾಲ್ ಲ್ಯೂಟನ್, ನಿರ್ದೇಶಕ ಜಾಕ್ ಟೂರ್ನರ್. ಕೈಯಲ್ಲಿ ದುಡ್ಡು ಕಮ್ಮಿ, ಹಾಗಾಗಿ ನೆರಳು, ಸದ್ದು ಇವೇ ಬಂಡವಾಳ. ಅದರಲ್ಲಿ ಒಬ್ಬ ಹೆಂಗಸು ರಾತ್ರಿ ಪಾರ್ಕಿನ ಪಕ್ಕದ ರಸ್ತೆಯಲ್ಲಿ ಒಬ್ಬಳೇ ನಡೆದು ಹೋಗುತ್ತಾಳೆ. ಹಿಂದೆ ಇನ್ನೊಬ್ಬಳು. ಸಂಗೀತ ಇಲ್ಲ. ಇಬ್ಬರ ಹಿಮ್ಮಡಿ ಚಪ್ಪಲಿಯ ಟಕಟಕ ಮಾತ್ರ. ಬೀದಿದೀಪದ ಬೆಳಕಿಗೆ ಬರುತ್ತಾರೆ, ಕತ್ತಲೆಗೆ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಹಿಂದಿನ ಟಕಟಕ ನಿಂತುಹೋಗುತ್ತದೆ. ಮುಂದಿನವಳು ತಿರುಗಿ ನೋಡುತ್ತಾಳೆ. ಯಾರೂ ಇಲ್ಲ. ಅವಳ ನಡಿಗೆ ಜೋರಾಗುತ್ತದೆ, ಆಮೇಲೆ ಓಟವಾಗುತ್ತದೆ. ಆಗ ಬುಸ್ ಅಂತ ಯಾವುದೋ ಪ್ರಾಣಿಯ ಹಾಗೆ ಒಂದು ಸದ್ದು ನುಗ್ಗುತ್ತದೆ, ತೆರೆಯ ಅಂಚಿನಿಂದ ಏನೋ ಬಂದು ಅವಳ ಮುಂದೆ ನಿಲ್ಲುತ್ತದೆ. ಸಿಟಿ ಬಸ್ಸು. ಅದರ ಬ್ರೇಕಿನ ಸದ್ದು.

ಇವತ್ತಿಗೂ ಇಂಥ ಸುಳ್ಳು ಬೆದರಿಕೆಗೆ ಸಿನಿಮಾದವರು 'ಲ್ಯೂಟನ್ ಬಸ್' ಅನ್ನುತ್ತಾರೆ. ನೋಡಿ, ಕೊನೆಗೆ ಬಂದದ್ದು ಬರೀ ಬಸ್ಸು. ಹೆದರಿಸಿದ್ದು ಬಸ್ಸಲ್ಲ, ಅದಕ್ಕೂ ಮುಂಚೆ ನಿಂತುಹೋದ ಆ ಟಕಟಕ. ಈಗಿನವರು ಆ ದೃಶ್ಯದಿಂದ ಕಲಿತದ್ದು ಬ್ರೇಕಿನ ಸದ್ದನ್ನು ಮಾತ್ರ. ಅದರ ಹಿಂದಿನ ನಡಿಗೆಯನ್ನು ಬಿಟ್ಟೇಬಿಟ್ಟರು.

ನಮ್ಮೂರಿಗೆ ಬರೋಣ. 2016ರಲ್ಲಿ ಪವನ್ ಕುಮಾರ್ 'ಯು ಟರ್ನ್' ಮಾಡಿದರು. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಡಿವೈಡರ್ ಅಂತ ಸಾಲಾಗಿ ಇಟ್ಟ ಕಲ್ಲುಗಳು. ಅಷ್ಟು ದೂರ ಹೋಗಿ ತಿರುಗಿಸಿಕೊಂಡು ಬರುವ ಸೋಮಾರಿತನಕ್ಕೆ ಬೈಕಿನವರು ಇಳಿದು, ಕಲ್ಲು ಸರಿಸಿ, ಸಂದಿಯಲ್ಲಿ ನುಗ್ಗಿ ವಾಪಸ್ ಹೋಗುತ್ತಾರೆ. ಸರಿಸಿದ ಕಲ್ಲು ರಸ್ತೆಯಲ್ಲೇ ಬಿದ್ದಿರುತ್ತದೆ. ಹಾಗೆ ಹೋದವರು ಸಾಯತೊಡಗುತ್ತಾರೆ. ಅಷ್ಟೇ ಎಳೆ. ಶ್ರದ್ಧಾ ಶ್ರೀನಾಥ್ ಮಾಡಿದ್ದು ಪತ್ರಿಕೆಯ ಇಂಟರ್ನ್ ಪಾತ್ರ, ಆ ಗಾಡಿಗಳ ನಂಬರ್ ಹಿಡಿದು ಹೊರಡುವ ಹುಡುಗಿ. ಪಾಳುಬಂಗಲೆ ಇಲ್ಲ, ಸ್ಮಶಾನ ಇಲ್ಲ, ಮಂತ್ರವಾದಿ ಇಲ್ಲ. ಇರುವುದು ಫ್ಲೈಓವರ್, ಪೊಲೀಸ್ ಸ್ಟೇಷನ್, ಅಪಾರ್ಟ್‌ಮೆಂಟ್. ಕಾರಣವೂ ನಮ್ಮದೇ. ನಾವೆಲ್ಲ ಇಂಥ ಒಂದು ಸಣ್ಣ ತಪ್ಪು ಮಾಡಿದವರೇ. ಒನ್‌ವೇಯಲ್ಲಿ ಹತ್ತು ಅಡಿ, ಫುಟ್‌ಪಾತ್ ಮೇಲೆ ಸ್ವಲ್ಪ ದೂರ, "ಯಾರೂ ಇಲ್ಲ ಬಿಡು ಗುರು" ಅಂತ. ಆ 'ಯಾರೂ ಇಲ್ಲ'ದ ಒಳಗೆ ಒಬ್ಬರು ಇದ್ದರು ಅಂತ ಸಿನಿಮಾ ಹೇಳುತ್ತದೆ. ಅದನ್ನು ನೋಡಿದ ಮೇಲೆ ರಸ್ತೆ ಮಧ್ಯ ಒಂಟಿಯಾಗಿ ಬಿದ್ದ ಡಿವೈಡರ್ ಕಲ್ಲು ಕಂಡರೆ ನಾನು ಗಾಡಿಯ ವೇಗ ಇಳಿಸುತ್ತೇನೆ. ಟ್ರಾಫಿಕ್ ಪೊಲೀಸರ ಬೋರ್ಡುಗಳು ನನ್ನ ಮೇಲೆ ಇಷ್ಟು ಪರಿಣಾಮ ಮಾಡಿದ್ದಿಲ್ಲ.

ಆದರೆ ಬೆಂಗಳೂರು ಕಟ್ಟಿದ ಅತಿ ಒಳ್ಳೆ ಹಾರರ್ ಕಥೆ ಸಿನಿಮಾದ್ದಲ್ಲ. ಅದನ್ನು ಯಾರು ಬರೆದರೋ ಯಾರಿಗೂ ಗೊತ್ತಿಲ್ಲ. ತೊಂಬತ್ತರ ದಶಕದಲ್ಲಿ ಇಲ್ಲಿದ್ದವರಿಗೆ ಹೇಳಬೇಕಾಗಿಯೇ ಇಲ್ಲ: ನಾಳೆ ಬಾ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ. ರಾತ್ರಿ ಒಂದು ದೆವ್ವ ಬೀದಿ ಬೀದಿ ತಿರುಗುತ್ತದೆ. ಬಾಗಿಲು ತಟ್ಟುತ್ತದೆ. ನಿಮ್ಮ ಅಮ್ಮನದೋ ತಮ್ಮನದೋ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ. ಬಾಗಿಲು ತೆಗೆದರೆ ಮುಗೀತು. ತಪ್ಪಿಸಿಕೊಳ್ಳಲು ಇರುವುದು ಒಂದೇ ದಾರಿ, ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿಡಬೇಕು. ದೆವ್ವ ಓದುತ್ತದೆ, ಸರಿ ಅಂತ ಹೋಗುತ್ತದೆ. ಮರುದಿನ ಬರುತ್ತದೆ, ಮತ್ತೆ ಓದುತ್ತದೆ.

ನಾವಿದ್ದದ್ದು ಹನುಮಂತನಗರದ ಹತ್ತಿರ ಒಂದು ವಠಾರದಲ್ಲಿ. ಒಂದೇ ಸಾಲಿನಲ್ಲಿ ಬಾಗಿಲುಗಳು. ಒಂದರ ಮೇಲೆ ಸೀಮೆಸುಣ್ಣ, ಇನ್ನೊಂದರ ಮೇಲೆ ಇದ್ದಿಲು, ಸ್ವಲ್ಪ ಅನುಕೂಲಸ್ಥರ ಬಾಗಿಲ ಮೇಲೆ ಕೆಂಪು ಪೇಂಟು. ಕೊನೆ ಮನೆಯ ತಮಿಳಿನವರೂ ಕನ್ನಡದಲ್ಲೇ ಬರೆಸಿದ್ದರು, ಊರಿನ ದೆವ್ವಕ್ಕೆ ಊರಿನ ಭಾಷೆ ಅಂತ. ನಮ್ಮ ಅಜ್ಜಿಗೆ ದೆವ್ವದಲ್ಲಿ ನಂಬಿಕೆಯೇ ಇರಲಿಲ್ಲ. ಆದರೂ ಸಂಜೆ ಬಾಗಿಲಿಗೆ ನೀರು ಹಾಕಿ ಒರೆಸಿದಾಗ ಅಕ್ಷರ ಅಳಿಸಿದರೆ ಅವರೇ ಸೀಮೆಸುಣ್ಣ ಕೇಳಿ ತಿದ್ದುತ್ತಿದ್ದರು. "ಸುಳ್ಳು ಅಂತ ನೀನೇ ಹೇಳ್ತೀಯಲ್ಲಾ ಅಜ್ಜಿ?" ಅಂದರೆ, "ಸುಳ್ಳೇ ಕಣೋ. ಬರೆದಿದ್ದಕ್ಕೆ ನಮ್ಮ ಗಂಟೇನು ಹೋಯ್ತು?" ಅನ್ನುತ್ತಿದ್ದರು. ಹಾರರ್ ಸಿನಿಮಾ ಮಾಡುವವರು ಈ ಮಾತನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ನೋಡುವವರು ದೆವ್ವವನ್ನು ನಂಬಬೇಕಾಗಿಲ್ಲ. ಬಾಗಿಲ ಮೇಲೆ ಬರೆಯುವಷ್ಟು ಅನುಮಾನ ಬಂದರೆ ಸಾಕು.

ಒಂದು ಬೆಳಗಿನ ಜಾವ, ಇನ್ನೂ ಕತ್ತಲೆ, ಕರೆಂಟೂ ಇರಲಿಲ್ಲ. ಬಾಗಿಲು ತಟ್ಟಿದ ಸದ್ದು. "ಅಕ್ಕಾ... ಅಕ್ಕಾ, ನಾನು ಕಣೇ." ಅಮ್ಮ ಎದ್ದು ಕೂತಳು. ಅಮ್ಮನ ತಮ್ಮ, ನನ್ನ ಮಾವ, ಹಾಸನದಲ್ಲಿದ್ದ. ಬರುತ್ತೇನೆ ಅಂತ ಹೇಳಿರಲಿಲ್ಲ. ಅಮ್ಮ ಚಿಲಕದ ಹತ್ತಿರ ಹೋಗಿದ್ದಳು. ಅಜ್ಜಿ ಹಾಸಿಗೆಯಿಂದಲೇ "ನಿಲ್ಲಮ್ಮಾ" ಅಂದರು.

"ಅವನದೇ ದನಿ ಅತ್ತೆ."

"ದನಿ ಅವನದೇ ಇರುತ್ತೆ ಕಣಮ್ಮಾ. ಅದೇ ತಾನೇ ವಿಷಯ."

ಆಚೆಯಿಂದ ಮಾವ ಮತ್ತೆ ಕರೆದ. ಅಮ್ಮ ಅವನಿಗೆ ಏನೇನೋ ಕೇಳಿದಳು, ನಮ್ಮ ಊರಿನ ಹಸುವಿನ ಹೆಸರು ಕೂಡ. ಅವನು ಎಲ್ಲದಕ್ಕೂ ಸರಿಯಾಗಿ ಉತ್ತರ ಹೇಳಿದ. ಹೇಳಿದಷ್ಟೂ ನನಗೆ ಹೆದರಿಕೆ ಜಾಸ್ತಿಯಾಯಿತು. ದೆವ್ವಕ್ಕೆ ಅದೂ ಗೊತ್ತಿರುತ್ತದಲ್ಲ! ಕೊನೆಗೆ ಅಪ್ಪ ಕಿಟಕಿಯಿಂದ ಟಾರ್ಚ್ ಬಿಟ್ಟು ಪಾದ ನೋಡಿದರು. ಮುಂದಕ್ಕೇ ಇದ್ದವು. ಮಾವ ಒಳಗೆ ಬಂದವನು ಕಾಫಿ ಕುಡಿಯುವವರೆಗೂ ಯಾರ ಜೊತೆಗೂ ಮಾತಾಡಲಿಲ್ಲ. ಅಷ್ಟು ಸಿಟ್ಟು.

ಈ ಕಥೆಯಲ್ಲಿ ದೆವ್ವದ ಮುಖ ಹೇಗಿತ್ತು ಅಂತ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹಲ್ಲು, ಕೂದಲು, ಬಿಳಿ ಸೀರೆ ಯಾವುದೂ ಬೇಕಾಗಿರಲಿಲ್ಲ. ಬೇಕಾಗಿದ್ದು ನಮ್ಮದೇ ಬಾಗಿಲು, ನಮ್ಮವರದೇ ದನಿ. ಗುರುತಿಲ್ಲದ ದನಿ ಕರೆದಿದ್ದರೆ ಬಾಗಿಲು ತೆಗೆಯದೆ ಮಲಗುವುದು ಸುಲಭವಿತ್ತು. ತಮ್ಮ ಕರೆಯುತ್ತಿದ್ದಾನೆ ಅಂದಾಗ ತೆಗೆಯದೆ ಇರುವುದಕ್ಕೂ ಹೆದರಿಕೆ, ತೆಗೆಯುವುದಕ್ಕೂ ಹೆದರಿಕೆ. ಅಮ್ಮನ ಕೈ ಚಿಲಕದ ಮೇಲೆ ಹಾಗೇ ನಿಂತಿತ್ತಲ್ಲ, ಒಳ್ಳೆ ಹಾರರ್ ಸಿನಿಮಾ ನಮ್ಮನ್ನು ತಂದು ನಿಲ್ಲಿಸಬೇಕಾದದ್ದು ಅಲ್ಲಿಗೆ.

2018ರ ಹಿಂದಿಯ 'ಸ್ತ್ರೀ' ಹೆಚ್ಚುಕಡಿಮೆ ಇದೇ ಎಳೆಯನ್ನು ಮಧ್ಯಪ್ರದೇಶದ ಚಂದೇರಿಗೆ ಒಯ್ದು, ಗೋಡೆ ಮೇಲೆ 'ಓ ಸ್ತ್ರೀ ಕಲ್ ಆನಾ' ಅಂತ ಬರೆಸಿ ನಗಿಸಿತು. ಚೆನ್ನಾಗಿಯೇ ನಗಿಸಿತು. ಕನ್ನಡದ ಸರಕು ಕೈತಪ್ಪಿತಲ್ಲ ಅಂತ ನನಗೆ ಸ್ವಲ್ಪ ಹೊಟ್ಟೆಕಿಚ್ಚು, ಮುಚ್ಚಿಡುವುದೇನು.

ಪಾದದ ಮಾತು ಬಂತಲ್ಲ. ಜಪಾನಿನ 'ರಿಂಗು', 1998ರದ್ದು, ಹಿಡಿಯೊ ನಕಾಟ ನಿರ್ದೇಶನ. ಬಾವಿಯಿಂದ ಎದ್ದು ಟಿವಿಯೊಳಗಿಂದ ಹೊರಬರುವ ಸದಾಕೊ ನಡೆಯುವ ರೀತಿ ನೋಡಿದವರಿಗೆ ನೆನಪಿರುತ್ತದೆ. ನಟಿಯನ್ನು ಹಿಂದಕ್ಕೆ ನಡೆಸಿ ಚಿತ್ರೀಕರಿಸಿ, ಆಮೇಲೆ ಅದನ್ನು ತಿರುಗುಮುರುಗಾಗಿ ಓಡಿಸಿದರು. ಗ್ರಾಫಿಕ್ಸ್ ಅಲ್ಲ. ಅವಳು ಮುಂದಕ್ಕೇ ಬರುತ್ತಿದ್ದಾಳೆ, ಆದರೆ ಭಾರ ಬೀಳಬೇಕಾದ ಕಡೆ ಬೀಳುವುದಿಲ್ಲ. ಏನೋ ಸರಿ ಇಲ್ಲ ಅಂತ ಕಣ್ಣಿಗೆ ಗೊತ್ತಾಗುತ್ತದೆ, ಏನು ಅಂತ ಬಾಯಿಗೆ ಬರುವುದಿಲ್ಲ. ನಮ್ಮ ಹಿರಿಯರು ದೆವ್ವಕ್ಕೆ ಕೋಡು, ಬಾಲ ಇಡದೆ ಪಾದ ಮಾತ್ರ ಹಿಂದುಮುಂದಾಗಿ ಇಟ್ಟರು. ಅವರಿಗೂ ಇದೇ ಹೊಳೆದಿರಬೇಕು. ಪೂರ್ತಿ ಬೇರೆಯಾದದ್ದು ಅಷ್ಟು ಹೆದರಿಸುವುದಿಲ್ಲ. ಮುಕ್ಕಾಲು ಪಾಲು ನಮ್ಮ ಹಾಗೇ ಇರಬೇಕು.

ಕನ್ನಡದ ಎರಡು ದೊಡ್ಡ ದೆವ್ವದ ಸಿನಿಮಾಗಳು ನಿಂತಿರುವುದು ಇದರ ಮೇಲೆಯೇ. 'ನಾ ನಿನ್ನ ಬಿಡಲಾರೆ' 1979ರದ್ದು. ಪ್ರೇತ ಹೊಕ್ಕುವುದು ಅನಂತನಾಗ್ ಮೈಯನ್ನು. ಆ ಕಾಲದ ಪಕ್ಕದ ಮನೆಯ ಹುಡುಗನ ಮುಖ ಅದು, ಮಗಳನ್ನು ಕೊಡಬಹುದು ಅನ್ನಿಸುವ ಮುಖ. ಅದೇ ಮುಖದಲ್ಲಿ ಕಣ್ಣು ಮಾತ್ರ ಇನ್ಯಾರದೋ ಆಗುತ್ತದೆ. ನಾನು ಚಿಕ್ಕವನಾಗಿದ್ದಾಗ ಟಿವಿಯಲ್ಲಿ ಅದನ್ನು ನೋಡಿ, ಆಮೇಲೆ ಬಂದ ಅವರ ತಮಾಷೆ ಸಿನಿಮಾಗಳನ್ನೂ ಸ್ವಲ್ಪ ಹುಷಾರಾಗಿಯೇ ನೋಡುತ್ತಿದ್ದೆ. ಕ್ಲೈಮ್ಯಾಕ್ಸಿಗೆ ರಾಯರ ಮಂತ್ರಾಲಯಕ್ಕೆ ಹೋಗುತ್ತಾರೆ, ಅಲ್ಲಿ ಭಯ ಮುಗಿದು ಭಕ್ತಿ ಶುರುವಾಗುತ್ತದೆ. ನಮ್ಮ ಪ್ರೇಕ್ಷಕರಿಗೆ ಆ ದಾರಿ ಬೇಕಿತ್ತು ಅನ್ನಿಸುತ್ತದೆ.

'ಆಪ್ತಮಿತ್ರ' 2004ರದ್ದು. ಮೂಲ ಮಲಯಾಳದ 'ಮಣಿಚಿತ್ರತ್ತಾಳ್', 1993. ವಿಷ್ಣುವರ್ಧನ್ ಬರುತ್ತಾರೆ, ನಗಿಸುತ್ತಾರೆ, ಮನಶ್ಶಾಸ್ತ್ರ ಹೇಳುತ್ತಾರೆ, ಎಲ್ಲ ಸರಿ. ಆದರೆ ಆ ಸಿನಿಮಾ ಇರುವುದು ಸೌಂದರ್ಯ ಅವರ ಮುಖದಲ್ಲಿ. ಗಂಡನ ಜೊತೆ ಮಾತಾಡುತ್ತಾ ಇರುವ ಹೆಂಡತಿ, ಹಾಗೆ ನೋಡನೋಡುತ್ತಾ ಹಳೇ ಕಾಲದ ನರ್ತಕಿ ನಾಗವಲ್ಲಿಯಾಗುತ್ತಾಳೆ. ಕುತ್ತಿಗೆ ಸ್ವಲ್ಪ ಓರೆಯಾಗುತ್ತದೆ, ಕಣ್ಣು ಅಗಲವಾಗುತ್ತದೆ. ಭಯ ಆಗುವುದು ನಾಗವಲ್ಲಿ ಬಂದಳು ಅಂತಲ್ಲ, ಇಷ್ಟು ಹೊತ್ತು ಮಾತಾಡುತ್ತಿದ್ದವಳು ಎಲ್ಲಿ ಹೋದಳು ಅಂತ. ಕಾಯಿಲೆ ಅಂತ ಸಿನಿಮಾ ಬಿಡಿಸಿ ಹೇಳಿದ ಮೇಲೂ ಆ ಭಯ ಇಳಿಯುವುದಿಲ್ಲ. ನನ್ನ ಲೆಕ್ಕದಲ್ಲಿ ಅದು ಆ ಕಥೆಯ ದೊಡ್ಡ ಗೆಲುವು. ದೆವ್ವ ಇಲ್ಲ ಅಂತ ಸಾಬೀತಾದರೂ ನಿಮಗೆ ಸಮಾಧಾನ ಆಗದಿದ್ದರೆ ಹೆದರಿಸಿದ್ದು ದೆವ್ವ ಅಲ್ಲವೇ ಅಲ್ಲ.

ಇದರ ಜೊತೆ ಇನ್ನೊಂದು ನೋವು ಸೇರಿಕೊಂಡಿತ್ತು. 2004ರ ಏಪ್ರಿಲ್ 17ರಂದು ಜಕ್ಕೂರಿನಿಂದ ಹಾರಿದ ಪುಟ್ಟ ವಿಮಾನ ಬಿದ್ದು ಸೌಂದರ್ಯ ತೀರಿಕೊಂಡರು. ಸಿನಿಮಾ ಬಿಡುಗಡೆಯಾದದ್ದು ಆಮೇಲೆ, ಆಗಸ್ಟಿನಲ್ಲಿ. ಇಲ್ಲದ ಹೆಣ್ಣುಮಗಳೊಬ್ಬಳು ತೆರೆಯ ಮೇಲೆ ಕುಣಿಯುವುದನ್ನು ಜನ ನೋಡಿದರು. ನಾನು ನೋಡಿದ ಶೋನಲ್ಲಿ ಅವರು ಮೊದಲು ಕಾಣಿಸಿದಾಗ ಶಿಳ್ಳೆ ಬೀಳಲಿಲ್ಲ. ಹಿಂದಿನ ಸಾಲಿನ ಹೆಂಗಸರು ಲೊಚಗುಟ್ಟಿದರು. ಅದು ಯಾವ ನಿರ್ದೇಶಕನೂ ಬರೆದದ್ದಲ್ಲ, ಬರೆಯಬಾರದ್ದು.

ದೆವ್ವವನ್ನು ಎಷ್ಟು ತೋರಿಸಬೇಕು ಅನ್ನುವುದು ಹಳೇ ಜಗಳ. ಬಹಳ ಹೇಳುವುದಿಲ್ಲ. 1975ರ 'ಜಾಸ್'ಗೆ ಮಾಡಿಸಿದ ಯಂತ್ರದ ಶಾರ್ಕ್ ಸಮುದ್ರದ ಉಪ್ಪುನೀರಿಗೆ ಇಳಿಸಿದ ಮೇಲೆ ಪದೇ ಪದೇ ಕೆಟ್ಟಿತು. ಬೇರೆ ದಾರಿಯಿಲ್ಲದೆ ನಿರ್ದೇಶಕ ಸ್ಪೀಲ್‌ಬರ್ಗ್ ನೀರನ್ನು, ರೆಕ್ಕೆಯನ್ನು, ತೇಲುವ ಪೀಪಾಯಿಯನ್ನು ತೋರಿಸಿದರು. ಅರ್ಧಕ್ಕಿಂತ ಜಾಸ್ತಿ ಸಿನಿಮಾ ಮುಗಿದ ಮೇಲೆಯೇ ಶಾರ್ಕ್ ಸರಿಯಾಗಿ ಕಾಣುವುದು. ಅಷ್ಟರಲ್ಲಿ ನೀರು ಅಂದರೇನೇ ಭಯ ಕೂತಿರುತ್ತದೆ. ನಮ್ಮಲ್ಲಿ ಯಂತ್ರ ಕೆಡುವುದಿಲ್ಲ, ಅದೇ ತೊಂದರೆ. ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ದೆವ್ವ ಮಾಡಬಹುದು. ಮುಖ ಕಂಡ ಕೂಡಲೇ ಮೇಕಪ್ ಚೆನ್ನಾಗಿದೆಯೋ ಇಲ್ಲವೋ ಅಂತ ನೋಡಲು ಶುರು ಮಾಡುತ್ತೇವೆ, ಹೆದರುವುದನ್ನು ಅಲ್ಲಿಗೇ ಬಿಡುತ್ತೇವೆ.

ಸದ್ದಿನ ವಿಷಯದಲ್ಲೂ ಅಷ್ಟೇ. 1960ರ 'ಸೈಕೋ'ದ ಸ್ನಾನದ ಮನೆಯ ದೃಶ್ಯಕ್ಕೆ ಸಂಗೀತವೇ ಬೇಡ ಅಂತ ನಿರ್ದೇಶಕ ಹಿಚ್‌ಕಾಕ್ ಅಂದುಕೊಂಡಿದ್ದರು. ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲಿ ಒಂದು ತುಣುಕು ಮಾಡಿ ಕೇಳಿಸಿದರು, ಹಿಚ್‌ಕಾಕ್ ಒಪ್ಪಿದರು. ಅದರಲ್ಲಿ ಹರಿದ ರಕ್ತ ಚಾಕೊಲೇಟ್ ಸಿರಪ್. ಮ್ಯೂಟ್ ಮಾಡಿ ನೋಡಿ, ಮತ್ತೆ ಸದ್ದು ಹಾಕಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ನಮ್ಮ ಗೆಜ್ಜೆ ಸದ್ದು, ನಾಯಿ ಊಳಿಡುವುದು, ಮರದ ಬಾಗಿಲು ಕಿರ್ರ್ ಅನ್ನುವುದು ಸವೆದು ಹೋದವು. ಈಗ ಯಾರ ಮನೆಯಲ್ಲಿ ಬಾಗಿಲು ಕಿರ್ರ್ ಅನ್ನುತ್ತದೆ ಹೇಳಿ? ಬೆಂಗಳೂರಿನ ರಾತ್ರಿಗೆ ಬೇರೆ ಸದ್ದುಗಳಿವೆ. ಮೇಲಿನ ಫ್ಲ್ಯಾಟಿನಲ್ಲಿ ಗೋಲಿ ಉರುಳಿದ ಸದ್ದು. ಯಾರೂ ಒತ್ತದೆ ಲಿಫ್ಟ್ ನಮ್ಮ ಮಹಡಿಗೆ ಬಂದು ನಿಂತು, ಬಾಗಿಲು ತೆರೆದು, ಮುಚ್ಚಿಕೊಳ್ಳುವ ಸದ್ದು. ಕರೆಂಟ್ ಹೋಗಿ ಯುಪಿಎಸ್ ಪೀಂ ಪೀಂ ಅನ್ನುವುದು. ಇವನ್ನು ಬಳಸಿಕೊಂಡವರು ಕಮ್ಮಿ.

ನೋಡುವ ಜಾಗವೂ ಕೆಟ್ಟಿದೆ ಅನ್ನಿ. ಕೆಂಪೇಗೌಡ ರಸ್ತೆಯ ದೊಡ್ಡ ಟಾಕೀಸುಗಳಲ್ಲಿ ಎದ್ದು ಹೋಗಬೇಕೆಂದರೆ ಕತ್ತಲೆಯಲ್ಲಿ ಹತ್ತು ಜನರ ಮೊಣಕಾಲು ದಾಟಬೇಕಿತ್ತು. ಈಗ ಕೈಯಲ್ಲಿ ರಿಮೋಟು. ಭಯವಾದರೆ ನಿಲ್ಲಿಸಿ, ಟೀ ಮಾಡಿಕೊಂಡು ಬಂದು, ಮುಂದುವರಿಸಬಹುದು. ಲಗಾಮು ನಮ್ಮ ಕೈಯಲ್ಲೇ ಇದ್ದರೆ ಯಾವ ದೆವ್ವ ಏನು ಮಾಡೀತು?

ಗಾಂಧಿನಗರದಲ್ಲಿ ಸಹನಿರ್ದೇಶಕನಾಗಿರುವ ಒಬ್ಬ ಗೆಳೆಯನಿದ್ದಾನೆ. ಅವನಿಗೆ ಒಂದು ಎಳೆ ಹೇಳಿದೆ. ಅಪಾರ್ಟ್‌ಮೆಂಟಿನ ಗೇಟ್ ಆ್ಯಪ್. ರಾತ್ರಿ ಫೋನಿಗೆ ಸಂದೇಶ ಬರುತ್ತದೆ, ನಿಮ್ಮನ್ನು ನೋಡಲು ಇಂಥವರು ಬಂದಿದ್ದಾರೆ, ಒಳಗೆ ಬಿಡಬೇಕೋ ಬೇಡವೋ. ಹೆಸರು ತಮ್ಮನದು. ಫೋಟೋ ಜಾಗದಲ್ಲಿ ಖಾಲಿ ಗೇಟು. ತಮ್ಮ ಇರುವುದು ಬೇರೆ ಊರಲ್ಲಿ. ನಾಯಕಿ ಬೇಡ ಅಂತ ಒತ್ತುತ್ತಾಳೆ. ಮರುದಿನ ಅದೇ ಹೊತ್ತಿಗೆ ಮತ್ತೆ ಬರುತ್ತದೆ.

"ಚೆನ್ನಾಗಿದೆ ಮಗಾ," ಅಂದ. "ಇಂಟರ್‌ವಲ್‌ಗೆ ದೆವ್ವ ತೋರಿಸ್ತೀವಿ ತಾನೇ?"

"ತೋರಿಸಲ್ಲ."

"ಕ್ಲೈಮ್ಯಾಕ್ಸ್‌ಗೆ?"

"ಅಲ್ಲೂ ಇಲ್ಲ."

ಸ್ವಲ್ಪ ಹೊತ್ತು ಬೈಟು ಕಾಫಿ ಕುಡಿದ. "ಸರಿ, ಒಂದು ಲಾಜಿಕ್ ಹೇಳು. ಆ್ಯಪಿನಲ್ಲಿ ಹೆಸರು ಹಾಕೋಕೆ ದೆವ್ವಕ್ಕೆ ಫೋನ್ ಕೊಟ್ಟೋರು ಯಾರು? ಪ್ರೊಡ್ಯೂಸರ್ ಮೊದಲು ಇದನ್ನೇ ಕೇಳ್ತಾರೆ."

"ತೊಂಬತ್ತರಲ್ಲಿ ಅದಕ್ಕೆ ಕನ್ನಡ ಓದೋಕೆ ಕಲಿಸಿದೋರು ಯಾರು?"

ಯೋಚನೆ ಮಾಡಿದ. ಅದೂ ಸರಿಯೇ ಅಂದ. ಆಮೇಲೆ ಹಾಡು ಎಲ್ಲಿ ಇಡೋದು ಅಂತ ಕೇಳಿದ.